ತಟ್ಟೆಯ ಬೆನ್ನು ಓದುವ ಮೊದಲು

ಇಂಗ್ಲೆಂಡಿನ ಪಿಂಗಾಣಿ ಸೀಮೆಯಾದ ಸ್ಟೋಕ್-ಆನ್-ಟ್ರೆಂಟ್ ಕಡೆಯವರು ಊಟಕ್ಕೆ ಕೂತರೆ ಬಡಿಸುವ ಮುನ್ನ ಖಾಲಿ ತಟ್ಟೆಯನ್ನು ಎತ್ತಿ, ಮಗುಚಿ, ಅದರ ಅಡಿ ನೋಡುತ್ತಾರೆ. ಹೋಟೆಲಾದರೂ ಸರಿ, ಬೀಗರ ಮನೆಯಾದರೂ ಸರಿ. ತಟ್ಟೆ ತಮ್ಮೂರಿನದೋ ಅಲ್ಲವೋ ಎಂದು ತಿಳಿಯದೆ ಅವರಿಗೆ ತುತ್ತು ಇಳಿಯುವುದಿಲ್ಲ. ಈ ಚಟಕ್ಕೆ ಅವರೇ ತಮಾಷೆಗೆ ‘ಟರ್ನೋವರ್ ಕ್ಲಬ್’ ಎಂದು ಹೆಸರಿಟ್ಟುಕೊಂಡಿದ್ದಾರೆ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸಿನಲ್ಲಿ ಸಂಸಾರ ಹೂಡಿದ ಮೇಲೆ ಆ ಚಟ ನನಗೂ ಅಂಟಿತು. ನಮ್ಮ ಮನೆಯ ಕಪಾಟಿನಲ್ಲಿ ಈಗ 1950 ಮತ್ತು 60ರ ದಶಕದ ತಟ್ಟೆ, ಬಸಿ, ಬಟ್ಟಲು, ಹಾಲಿನ ಜಗ್ಗು ತುಂಬಿಕೊಂಡಿವೆ. ಅರಮನೆಯಲ್ಲಿದ್ದವಲ್ಲ, ಗಾಜಿನ ಪೆಟ್ಟಿಗೆಯಲ್ಲಿಡುವಂಥವೂ ಅಲ್ಲ. ಹೊಸದಾಗಿ ಮದುವೆಯಾದ ಗುಮಾಸ್ತರು, ಬಸ್ ಚಾಲಕರು, ಟೀಚರಮ್ಮಂದಿರು ಕಂತಿನಲ್ಲೋ ಉಳಿತಾಯದಲ್ಲೋ ಕೊಂಡು ದಿನವೂ ಉಂಡ ಸಾಮಾನು.

ಹಳೆ ಪಿಂಗಾಣಿ ಕೂಡಿಡುವವರಲ್ಲಿ ಹೆಚ್ಚಿನವರು ಮೊದಲು ಅಡಿಯ ಮುದ್ರೆ ಓದುತ್ತಾರೆ. ಅದನ್ನು ಕೊನೆಗೆ ಓದಬೇಕು ಅನ್ನುವುದು ನನ್ನ ಹಟ. ಮುದ್ರೆ ಹೇಳುವುದು ಮಾರಿದವರ ಹೆಸರನ್ನು. ಮಾಡಿದವರ ಗುರುತು ಬೇರೆಲ್ಲೋ ಇರುತ್ತದೆ.

ಸ್ಟೋಕ್-ಆನ್-ಟ್ರೆಂಟ್ ಒಂದು ಊರಲ್ಲ, ಟನ್‌ಸ್ಟಾಲ್, ಬರ್ಸ್ಲಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳ ಸಾಲು. 1910ರಲ್ಲಿ ಇವನ್ನು ಒಂದು ಮಾಡಿದರು. ನೆಲದಡಿ ಕಲ್ಲಿದ್ದಲು ಧಾರಾಳವಾಗಿದ್ದದ್ದರಿಂದ ಕುಂಬಾರಿಕೆ ಇಲ್ಲಿ ಬೇರೂರಿತು. ಬಿಳಿ ಜೇಡಿಮಣ್ಣು ಮಾತ್ರ ದೂರದ ಕಾರ್ನ್‌ವಾಲ್, ಡೆವನ್‌ನಿಂದ ಹಡಗು ಮತ್ತು ಕಾಲುವೆ ದೋಣಿಯಲ್ಲಿ ಬರುತ್ತಿತ್ತು. ಒಂದು ಕಾಲಕ್ಕೆ ಪಾತ್ರೆ ಸುಡುವ, ಇಟ್ಟಿಗೆಯಲ್ಲಿ ಕಟ್ಟಿದ ಸಾವಿರಾರು ಆವಿಗೆಗಳು ಬಾಟಲಿಯಾಕಾರದಲ್ಲಿ ಎದ್ದು ನಿಂತು ಹಗಲಲ್ಲೂ ಕತ್ತಲು ಕವಿಯುವಷ್ಟು ಹೊಗೆ ಕಾರುತ್ತಿದ್ದವು. 1956ರ ಶುದ್ಧ ಗಾಳಿ ಕಾಯ್ದೆ ಬಂದಮೇಲೆ ಗ್ಯಾಸು, ಕರೆಂಟಿನ ಒಲೆಗಳು ಅವುಗಳ ಜಾಗಕ್ಕೆ ಬಂದವು. ಈಗ ಉಳಿದಿರುವುದು ಐವತ್ತಕ್ಕೂ ಕಡಿಮೆ. ಲಾಂಗ್ಟನ್ನಿನ ಗ್ಲ್ಯಾಡ್‌ಸ್ಟನ್ ಮ್ಯೂಸಿಯಮ್ಮಿನಲ್ಲಿ ಅಂಥ ಆವಿಗೆಯೊಳಗೆ ಹೋಗಿ ನಿಲ್ಲಬಹುದು. ತಟ್ಟೆಗಳಿಗೆ ಹೊಗೆ ತಾಗದಂತೆ ‘ಸ್ಯಾಗರ್’ ಎಂಬ ಒರಟು ಮಣ್ಣಿನ ಪೆಟ್ಟಿಗೆಗಳಲ್ಲಿ ಅವನ್ನು ತುಂಬಿಡುತ್ತಿದ್ದರು. ಆ ಪೆಟ್ಟಿಗೆಯ ತಳವನ್ನು ಬಡಿದು ಚಪ್ಪಟೆ ಮಾಡುವುದಕ್ಕೆಂದೇ ಒಬ್ಬ ಹುಡುಗ ಇರುತ್ತಿದ್ದ. ಅವನ ಅಧಿಕೃತ ಹುದ್ದೆಯ ಹೆಸರು ‘ಸ್ಯಾಗರ್ ಮೇಕರ್ಸ್ ಬಾಟಮ್ ನಾಕರ್’. ಇಂಗ್ಲಿಷರು ಇವತ್ತಿಗೂ ಅದನ್ನು ನೆನೆದು ನಗುತ್ತಾರೆ.

ಐವತ್ತರ ದಶಕದ ತಟ್ಟೆಗಳಲ್ಲಿ ಅಷ್ಟೊಂದು ಬಣ್ಣ, ಅಷ್ಟೊಂದು ಕುಣಿತ ಯಾಕೆ ಅನ್ನುವುದು ಅದಕ್ಕೂ ಹಿಂದಿನ ಹತ್ತು ವರ್ಷ ಗೊತ್ತಿಲ್ಲದಿದ್ದರೆ ಅರ್ಥವಾಗುವುದಿಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಚಿತ್ತಾರದ ಪಿಂಗಾಣಿಯನ್ನು ದೇಶದೊಳಗೆ ಮಾರುವುದನ್ನು ಸರ್ಕಾರ ನಿಲ್ಲಿಸಿತು. ಬಣ್ಣ, ಕೂಲಿ, ಕಲ್ಲಿದ್ದಲು ಎಲ್ಲವೂ ಯುದ್ಧಕ್ಕೆ ಬೇಕಿತ್ತು. ಜನರಿಗೆ ಸಿಕ್ಕಿದ್ದು ಬರೀ ಬೋಳು ತಟ್ಟೆ. ಹೂವು, ಬಂಗಾರದ ಅಂಚು ಇದ್ದದ್ದೆಲ್ಲ ಹಡಗು ಹತ್ತಿ ಅಮೆರಿಕ, ಕೆನಡಾಕ್ಕೆ ಹೋಗುತ್ತಿತ್ತು, ದೇಶಕ್ಕೆ ಡಾಲರ್ ಬೇಕಿತ್ತು. ಯುದ್ಧ ಮುಗಿದರೂ ಈ ನಿರ್ಬಂಧ ಮುಗಿಯಲಿಲ್ಲ. ಪರದೇಶಕ್ಕೆ ಕಳಿಸಲಾಗದ, ಸಣ್ಣಪುಟ್ಟ ದೋಷವಿದ್ದ ಚಿತ್ತಾರದ ಸಾಮಾನು ಯಾವಾಗಲಾದರೂ ಅಂಗಡಿಗೆ ಬಂದರೆ ಹೆಂಗಸರು ಸಾಲುಗಟ್ಟಿ ನಿಲ್ಲುತ್ತಿದ್ದರು. 1952ರ ಆಗಸ್ಟಿನಲ್ಲಿ ನಿರ್ಬಂಧ ತೆಗೆದರು. ಹತ್ತು ವರ್ಷ ಬಿಳಿ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ ತಿಂದ ಮಂದಿಗೆ ಹಸಿರು ಪಟ್ಟೆ, ಕೆಂಪು ಚುಕ್ಕೆ ಕಂಡರೆ ಹೇಗಾಗಿರಬೇಡ! ಆ ದಶಕದ ತಟ್ಟೆಗಳು ಸ್ವಲ್ಪ ಜಾಸ್ತಿಯೇ ಖುಷಿಯಲ್ಲಿವೆ ಎಂದು ಈಗಿನ ರುಚಿಗೆ ಅನ್ನಿಸಿದರೆ ನಾನು ಆ ಹತ್ತು ವರ್ಷದ ಬಾಕಿಯನ್ನು ನೆನಪಿಸುತ್ತೇನೆ.

ಆ ಬಾಕಿ ತೀರಿಸಿದವರಲ್ಲಿ ಮೊದಲ ಹೆಸರು ಬರ್ಸ್ಲಮ್ಮಿನ ಮಿಡ್‌ವಿಂಟರ್. 1910ರಲ್ಲಿ ಶುರುವಾದ ಕಾರ್ಖಾನೆ. ಮಾಲೀಕರ ಮಗ ರಾಯ್ ಮಿಡ್‌ವಿಂಟರ್ 1952ರಲ್ಲಿ ಮಾದರಿಗಳನ್ನು ಹೊತ್ತು ಉತ್ತರ ಅಮೆರಿಕಕ್ಕೆ ಹೋದ. ಅಲ್ಲಿನ ಅಂಗಡಿಯವರು ಇಂಗ್ಲಿಷ್ ಗುಲಾಬಿಗಳನ್ನು ಕಂಡು ಮುಖ ಸಿಂಡರಿಸಿದರು. ಇವಾ ಝೈಸೆಲ್, ರೇಮಂಡ್ ಲೋವಿ ಅಲ್ಲಿ ರೂಪಿಸಿದ್ದ ಅಂಚಿಲ್ಲದ, ನುಣುಪು ಬಳುಕಿನ ಪಾತ್ರೆಗಳನ್ನು ಕಣ್ಣು ತುಂಬಿಕೊಂಡು ಆತ ಮರಳಿದ. 1953ರಲ್ಲಿ ‘ಸ್ಟೈಲ್‌ಕ್ರಾಫ್ಟ್’ ಆಕಾರ ಬಂತು, ಅದರ ಹಿಂದೆಯೇ 1955ರ ಹೊತ್ತಿಗೆ ‘ಫ್ಯಾಶನ್’. ದುಂಡಗೂ ಅಲ್ಲದ, ಚೌಕವೂ ಅಲ್ಲದ, ಮೂಲೆಗಳನ್ನು ಸವರಿಬಿಟ್ಟ ತಟ್ಟೆ. ಒಮ್ಮೆ ಕಣ್ಣಿಗೆ ಕೂತರೆ ಜನ ಕಾರಿನ ಡಿಕ್ಕಿಯಲ್ಲಿ ಹಳೆ ಸಾಮಾನು ತಂದು ಮಾರುವ ಕಾರ್ ಬೂಟ್ ಸೇಲಿನ ಹುಲ್ಲಿನ ಮೇಲೆ, ಹಳೆ ಸೀಡಿ ಮತ್ತು ಮುರಿದ ಟೋಸ್ಟರುಗಳ ನಡುವೆಯೂ ಹತ್ತು ಹೆಜ್ಜೆ ದೂರದಿಂದ ಗುರುತು ಹತ್ತುತ್ತದೆ.

ಆ ಆಕಾರಗಳ ಮೇಲಿನ ಚಿತ್ತಾರಗಳಲ್ಲಿ ಬಹುಪಾಲು ಜೆಸ್ಸಿ ಟೇಟ್ ಅವರದು. 1928ರಲ್ಲಿ ಹುಟ್ಟಿದವರು, ಬರ್ಸ್ಲಮ್ ಕಲಾಶಾಲೆಯಲ್ಲಿ ಕಲಿತವರು, ಹದಿನೆಂಟರ ಆಸುಪಾಸಿನಲ್ಲೇ ಮಿಡ್‌ವಿಂಟರ್ ಸೇರಿದವರು. ಪ್ರಿಮಾವೆರಾ, ರೆಡ್ ಡೊಮಿನೊ, 1956ರ ಝಾಂಬೆಸಿ ಎಲ್ಲವೂ ಅವರ ಕೈಯವು. ಝಾಂಬೆಸಿ ಅಂದರೆ ಬಿಳಿಯ ಮೇಲೆ ಕಪ್ಪು ಜೀಬ್ರಾ ಪಟ್ಟೆ, ಬಟ್ಟಲಿನ ಒಳಗೆ ಕುಂಕುಮದ ಕೆಂಪು. ಅದು ಎಷ್ಟು ಹೆಸರಾಯಿತೆಂದರೆ ಸುತ್ತಲಿನ ಕಾರ್ಖಾನೆಗಳೂ ಜೀಬ್ರಾ ಪಟ್ಟೆ ಎಳೆಯತೊಡಗಿದವು. ಇದೇ ಮಿಡ್‌ವಿಂಟರ್‌ಗೆ ವಿನ್ಯಾಸಗಾರ ಟೆರೆನ್ಸ್ ಕಾನ್ರನ್ 1955ರಲ್ಲಿ ‘ಸಲಾಡ್ ವೇರ್’ ಬರೆದರು, ವಾಸ್ತುಶಿಲ್ಪಿ ಹ್ಯೂ ಕ್ಯಾಸನ್ ‘ರಿವಿಯೆರಾ’ ಬರೆದರು. ಕಾನ್ರನ್, ಕ್ಯಾಸನ್ ಅವರ ಹೆಸರು ಹೊತ್ತ ತಟ್ಟೆಗೆ ಇವತ್ತು ಮೂರು ಪಟ್ಟು ಬೆಲೆ ಹೇಳುವವರಿದ್ದಾರೆ. ಟೇಟ್ ಸಂಬಳಕ್ಕಿದ್ದ ವಿನ್ಯಾಸಗಾರ್ತಿ. ಅವರ ಐವತ್ತರ ದಶಕದ ಎಷ್ಟೋ ತಟ್ಟೆಗಳ ಅಡಿಯಲ್ಲಿ ಹುಡುಕಿದರೂ ಅವರ ಹೆಸರು ಕಾಣಿಸುವುದಿಲ್ಲ. ನನ್ನ ಕಣ್ಣಿಗೆ ಮಾತ್ರ ಪ್ರಿಮಾವೆರಾದ ಮುಂದೆ ರಿವಿಯೆರಾ ಒಂದು ಒಳ್ಳೆಯ ಪೋಸ್ಟ್ ಕಾರ್ಡು, ಅಷ್ಟೇ.

ಟೇಟ್ ಬರೆದದ್ದು ಮಾದರಿಯನ್ನು. ಸಾವಿರ ಸಾವಿರ ತಟ್ಟೆಗಳ ಮೇಲೆ ಅದನ್ನು ಎಳೆದದ್ದು ಬೆಂಚಿನ ಮುಂದೆ ಸಾಲಾಗಿ ಕೂತ ಹುಡುಗಿಯರು. ಪಾಟರೀಸ್ ಎಂದು ಕರೆಯುವ ಈ ಸ್ಟೋಕ್ ಸೀಮೆಯಲ್ಲಿ ಅವರನ್ನು ಪೇಂಟ್ರೆಸ್ ಅನ್ನುತ್ತಾರೆ. ದಿನಗೂಲಿಯಲ್ಲ, ಡಜನ್ ಲೆಕ್ಕದ ಕೂಲಿ. ಅದಕ್ಕೇ ಪ್ರತಿಯೊಬ್ಬಳೂ ತನ್ನ ಲೆಕ್ಕ ತಪ್ಪದಿರಲೆಂದು ತಟ್ಟೆಯ ಅಡಿಯಲ್ಲಿ ಕುಂಚದ ತುದಿಯಿಂದ ಒಂದು ಚುಕ್ಕೆಯೋ ಅಡ್ಡಗೀಟೋ ಒಂದಕ್ಷರವೋ ಇಡುತ್ತಿದ್ದಳು. ಕಂಪನಿಯ ಮುದ್ರೆಯ ಪಕ್ಕದಲ್ಲಿ ಕಾಣುವ ಆ ಪುಟ್ಟ ಬಣ್ಣದ ಗುರುತನ್ನು ಕೊಳೆ ಎಂದು ತಿಕ್ಕುವವರನ್ನು ನೋಡಿದ್ದೇನೆ. ಕಾರ್ ಬೂಟ್ ಸೇಲಿನಲ್ಲಿ ಪರಿಚಯವಾದ ಒಬ್ಬ ಅಜ್ಜಿ ಹುಡುಗಿಯಾಗಿದ್ದಾಗ ಈ ಕೆಲಸ ಮಾಡಿದವರು. ಅವರ ಮೇಜಿನ ಮೇಲಿನ ಪಟ್ಟೆ ಬಟ್ಟಲೊಂದನ್ನು ನಾನು ವಾಡಿಕೆಯಂತೆ ಮಗುಚಲು ಹೋದರೆ ಕೈ ತಡೆದರು. “ಮೊದಲು ಗೆರೆ ನೋಡು, ಡಕ್. ಶುರುವಿನಲ್ಲಿ ದಪ್ಪ, ಕೊನೆಗೆ ಎಳೆ. ಕುಂಚ ಎತ್ತಿದ ಜಾಗ ಅದು. ಯಂತ್ರ ಕುಂಚ ಎತ್ತುತ್ತದೆಯೇ?” ಆ ಸೀಮೆಯವರು ಗಂಡಸು ಹೆಂಗಸು ಎನ್ನದೆ ಎಲ್ಲರನ್ನೂ ಅಕ್ಕರೆಯಿಂದ ‘ಡಕ್’ ಎಂದೇ ಕರೆಯುತ್ತಾರೆ. ಮಧ್ಯಾಹ್ನದೊಳಗೆ ಎಷ್ಟು ಡಜನ್ ಮುಗಿಸುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಡಜನ್ ಅಂದರೆ ಹನ್ನೆರಡೇ ಎಂದು ನಿನಗೆ ಯಾರು ಹೇಳಿದರು ಎಂದು ನಕ್ಕರು. ಸಾಮಾನಿನ ಗಾತ್ರ ನೋಡಿಕೊಂಡು ಕುಂಬಾರರ ಡಜನ್ ಹಿಗ್ಗುತ್ತದೆ, ಕುಗ್ಗುತ್ತದೆ.

ಹಾಗಾಗಿ ಕೈಗೆ ತಟ್ಟೆ ಬಂದಾಗ ನನ್ನ ಕ್ರಮ ಅವರಿಂದ ಕಲಿತದ್ದು. ಮೊದಲು ಆಕಾರ. ಆಮೇಲೆ ಚಿತ್ತಾರ. ಎರಡು ತಟ್ಟೆ ಪಕ್ಕಪಕ್ಕ ಇಟ್ಟು ಒಂದೇ ಎಲೆಯನ್ನು ಎರಡರಲ್ಲೂ ನೋಡಿದರೆ, ಕೈಯಲ್ಲಿ ಬರೆದದ್ದಾದರೆ ಎಲ್ಲೋ ಒಂದು ಕಡೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಭೂತಗನ್ನಡಿಯಲ್ಲಿ ಬಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಮುದ್ರಿಸಿ ಅಂಟಿಸಿದ್ದು. ಅಂಚನ್ನು ಸುತ್ತುವ ಬಳ್ಳಿಯಲ್ಲಿ ಎಲ್ಲೋ ಒಂದು ಎಲೆ ಅರ್ಧಕ್ಕೆ ಕತ್ತರಿಸಿಕೊಂಡಿದ್ದರೆ ಅದು ಮುದ್ರಣದ ಕಾಗದ ಕೂಡಿದ ಜಾಗ. ಬಣ್ಣ ಬೆರಳಿಗೆ ತಡೆದರೆ ಅದು ಗ್ಲೇಜಿನ, ಅಂದರೆ ಗಾಜಿನಂಥ ಹೊಳಪು ಲೇಪದ, ಮೇಲಿದೆ, ಸವೆಯುತ್ತದೆ. ಗಾಜಿನಂತೆ ನುಣ್ಣಗಿದ್ದು ಬಣ್ಣ ಒಳಗಿದ್ದರೆ ಇನ್ನೂ ಐವತ್ತು ವರ್ಷ ತೊಳೆಯಬಹುದು.

ಆಮೇಲೆ ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿಯರು ಬೆರಳ ಗಂಟಿನಿಂದ ಬಡಿದು ಕಿವಿಗೊಡುತ್ತಾರಲ್ಲ, ಅದೇ ವಿದ್ಯೆ. ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿ ಅಂಚಿಗೆ ಉಗುರಿನಿಂದ ಮೀಟಬೇಕು. ಮೂಳೆಯ ಬೂದಿ ಬೆರೆಸಿದ ಬೋನ್ ಚೈನಾ ಆದರೆ ಗಂಟೆಯ ಹಾಗೆ ನಾದ ಉಳಿಯುತ್ತದೆ. ಮೂಳೆಬೂದಿಯಿಲ್ಲದ ಸಾದಾ ಮಣ್ಣಿನ ಅರ್ದನ್‌ವೇರ್ ಮೊಂಡಾಗಿ ‘ಟಣ್’ ಎಂದು ಸುಮ್ಮನಾಗುತ್ತದೆ. ‘ಟಪ್’ ಎಂದರೆ ಎಲ್ಲೋ ಕೂದಲೆಳೆ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಇದೆ. ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿದರೆ ಬೋನ್ ಚೈನಾದಲ್ಲಿ ನೆರಳು ಕಾಣುತ್ತದೆ, ಅರ್ದನ್‌ವೇರಿನಲ್ಲಿ ಇಲ್ಲ. ಮುರಿದದ್ದನ್ನು ಅಂಟಿಸಿ ಮೇಲೆ ಬಣ್ಣ ಬಳಿದಿರುವ ಅನುಮಾನವಿದ್ದರೆ ನೋಟು ಪರೀಕ್ಷಿಸುವ ನೇರಳೆ ಟಾರ್ಚು ಸಾಕು, ತೇಪೆಯ ಜಾಗ ಬೇರೆಯಾಗಿ ಹೊಳೆಯುತ್ತದೆ.

ಈಗ ಮಗುಚಬಹುದು. ಮುದ್ರೆಗಿಂತ ಮೊದಲು ಮೂರು ಸಣ್ಣ ಗಾಯಗಳು ಕಾಣಬೇಕು. ಅರ್ದನ್‌ವೇರ್ ನೀರು ಹೀರುವ ಮಣ್ಣು, ಅದಕ್ಕೆ ತಳಕ್ಕೂ ಗ್ಲೇಜು ಹಚ್ಚುತ್ತಾರೆ. ಹಚ್ಚಿದ ತಟ್ಟೆಯನ್ನು ಹಾಗೇ ಇಟ್ಟರೆ ಆವಿಗೆಯಲ್ಲಿ ಅಂಟಿಕೊಳ್ಳುತ್ತದೆ, ಆದ್ದರಿಂದ ಮೂರು ಮೊನೆಗಳ ಮೇಲೆ ಕೂರಿಸುತ್ತಿದ್ದರು. ಆ ಮೊನೆಗಳನ್ನು ಮುರಿದು ಬಿಡಿಸಿದ ಗುರುತು ಅದು. ದೋಷವಲ್ಲ.

ಮುದ್ರೆಯಲ್ಲಿ ಮೋಸ ಹೋಗುವ ಜಾಗಗಳು ಹಲವು. ಕಂಪನಿ ಹುಟ್ಟಿದ ವರ್ಷವನ್ನು ದೊಡ್ಡದಾಗಿ ಒತ್ತಿರುತ್ತಾರೆ. 1770 ಎಂದು ಕಂಡಾಕ್ಷಣ ಇನ್ನೂರೈವತ್ತು ವರ್ಷದ ತಟ್ಟೆ ಎಂದು ಹಿಗ್ಗುವವರು ಇದ್ದಾರೆ, ಅದನ್ನೇ ನಂಬಿಸಿ ಮಾರುವವರೂ ಇದ್ದಾರೆ. ‘ಡಿಶ್‌ವಾಶರ್ ಸೇಫ್’ ಎಂದು ಪಕ್ಕದಲ್ಲೇ ಬರೆದಿದ್ದರೆ ಯೋಚಿಸಬೇಕಾದದ್ದೇ ಇಲ್ಲ. ಕಿರೀಟದ ಚಿತ್ರಕ್ಕೂ ಅರಮನೆಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ‘ಇಂಗ್ಲೆಂಡ್’ ಎಂಬ ಪದ ಮುದ್ರೆಗಳಲ್ಲಿ ಸಾಮಾನ್ಯವಾದದ್ದು ಅಮೆರಿಕದ 1890ರ ಸುಂಕ ಕಾಯ್ದೆ ಆಮದು ಸಾಮಾನಿಗೆ ದೇಶದ ಹೆಸರು ಕೇಳಿದ ಮೇಲೆ. ನೋಂದಣಿ ಸಂಖ್ಯೆ ಇದ್ದರೆ ಅದು 1884ರಲ್ಲಿ ಒಂದರಿಂದ ಶುರುವಾದ ಸಾಲಿನದು, ವಿನ್ಯಾಸ ದಾಖಲಾದ ಕಾಲ ಹೇಳುತ್ತದೆ, ನಿಮ್ಮ ಕೈಯಲ್ಲಿರುವ ತಟ್ಟೆ ಬೆಂದ ಕಾಲವನ್ನಲ್ಲ. ವೆಜ್‌ವುಡ್ ಹೆಸರಿನ ಕಥೆ ಇನ್ನೂ ತಮಾಷೆ. ಜೊಸಾಯ ವೆಜ್‌ವುಡ್ಡರ ಕಂಪನಿ ಒಂದು, ಟನ್‌ಸ್ಟಾಲಿನ ‘ವೆಜ್‌ವುಡ್ ಅಂಡ್ ಕೋ’ ಪೂರಾ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಟಾಕ್ಟನ್ನಿನ ಒಬ್ಬಾತ ನಡುವೆ ಒಂದು ಅಕ್ಷರ ಹೆಚ್ಚಿಗೆ ತುರುಕಿ ಅದೇ ಹೆಸರು ಒತ್ತಿ ಕೋರ್ಟಿನವರೆಗೂ ಹೋದ. ಮುದ್ರೆಯ ಮೇಲೆ ಅಡ್ಡಲಾಗಿ ಗೀರು ಎಳೆದಿದ್ದರೆ ಅದು ಎರಡನೇ ದರ್ಜೆಯ ಮಾಲು. ನನಗೆ ಅದರಿಂದ ತೊಂದರೆಯಿಲ್ಲ, ಬೆಲೆ ಇಳಿಯುತ್ತದೆ.

ಒಂದೇ ಒಂದು ತಟ್ಟೆ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ‘ಹೋಮ್‌ಮೇಕರ್’. ರಿಜ್‌ವೇ ಕಾರ್ಖಾನೆಯಲ್ಲಿ ಈನಿಡ್ ಸೀನಿ 1950ರ ದಶಕದ ನಡುವೆ ಬರೆದದ್ದು, ಟಾಮ್ ಅರ್ನಾಲ್ಡ್ ರೂಪಿಸಿದ ‘ಮೆಟ್ರೊ’ ಆಕಾರದ ಮೇಲೆ. ಬಿಳಿ ತಟ್ಟೆ, ಕಪ್ಪು ಗೆರೆಗಳ ಹಿನ್ನೆಲೆ, ಅದರ ಮೇಲೆ ಹೂವಲ್ಲ ಹಣ್ಣಲ್ಲ, ಮನೆಸಾಮಾನು! ವಿನ್ಯಾಸಗಾರ ರಾಬಿನ್ ಡೇ ರೂಪಿಸಿದ ಕುರ್ಚಿ, ಸಿಗ್ವಾರ್ಡ್ ಬರ್ನಾಡೊಟ್ ರೂಪಿಸಿದ ಸೋಫಾ, ಬೂಮರಾಂಗ್ ಮೇಜು, ಮೂರು ಕಾಲಿನ ದೀಪ, ಗಿಡದ ಕುಂಡ, ಚಮಚ, ಮುಳ್ಳುಚಮಚ. ಆ ಸೋಫಾ ಕೊಳ್ಳಲು ತಾಕತ್ತಿಲ್ಲದ ಮನೆಯವರು ಸೋಫಾದ ಚಿತ್ರವಿದ್ದ ತಟ್ಟೆಯನ್ನು ವುಲ್‌ವರ್ತ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ತಂದರು. ಕೈಯಲ್ಲಿ ಬರೆದದ್ದಲ್ಲ, ಅಚ್ಚು ಒತ್ತಿದ್ದು. ಅಜ್ಜಿ ಹೇಳಿದ ಕುಂಚ ಎತ್ತಿದ ಜಾಗ ಇದರಲ್ಲಿ ಸಿಗುವುದಿಲ್ಲ. ಆದರೂ ಯುದ್ಧೋತ್ತರ ಇಂಗ್ಲೆಂಡಿನ ಆಸೆಯನ್ನು ಇದರಷ್ಟು ನೇರವಾಗಿ ಹೇಳುವ ತಟ್ಟೆ ನಾನು ಕಂಡಿಲ್ಲ. ಸೀನಿ ಮದುವೆಯಾಗಿ ಆ ಉದ್ಯೋಗವನ್ನೇ ಬಿಟ್ಟರು, ತಟ್ಟೆ ಮಾತ್ರ ಆಮೇಲೂ ವರ್ಷಗಟ್ಟಲೆ ಮಾರಾಟವಾಯಿತು. ತಳದಲ್ಲಿ ‘ಹೋಮ್‌ಮೇಕರ್’, ‘ರಿಜ್‌ವೇ’ ಎಂದಿರುತ್ತದೆ, ಸೀನಿ ಎಂದು ಇರುವುದಿಲ್ಲ. ತಟ್ಟೆಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಕಾಫಿ ಕೆಟಲು, ಮುಚ್ಚಳದ ಬಟ್ಟಲು ಸಿಕ್ಕರೆ ಮಾರುವವರಿಗೂ ಅದರ ಬೆಲೆ ಗೊತ್ತಿರುತ್ತದೆ.

ಸ್ಟೋಕಿನಾಚೆಯೂ ಇದೆ. ಡಾರ್ಸೆಟ್ಟಿನ ಪೂಲ್ ಕಾರ್ಖಾನೆಯ ಎರಡು ಬಣ್ಣದ ‘ಟ್ವಿನ್‌ಟೋನ್’ ತಣ್ಣಗಿನ ಚೆಲುವಿನದು. ಡರ್ಬಿಶೈರಿನ ಡೆನ್ಬಿ ಸ್ಟೋನ್‌ವೇರ್ ಭಾರ, ಗಟ್ಟಿ, ಜಗ್ಗದು. ಆಲ್ಬರ್ಟ್ ಕಾಲೆಡ್ಜ್ ಬರೆದ ‘ಗ್ರೀನ್‌ವೀಟ್’ ತೆನೆಗಳಿರುವ ತಟ್ಟೆ ಸಿಕ್ಕರೆ ಬಿಡಬಾರದು. ಹ್ಯಾನ್ಲಿಯ ಜಾನ್ಸನ್ ಬ್ರದರ್ಸ್‌ನ ‘ಗ್ರೇಡಾನ್’, ‘ರೋಸ್‌ಡಾನ್’ಗಳಲ್ಲಿ ಬಣ್ಣ ಮಣ್ಣಿಗೇ ಬೆರೆತಿದೆ, ಅಂಚು ಎಗರಿದರೂ ಒಳಗೆ ಅದೇ ಬೂದು, ಅದೇ ಗುಲಾಬಿ. ವುಡ್ಸ್‌ನ ತಿಳಿಹಸಿರು ‘ಬೆರಿಲ್’ ಬಟ್ಟಲಲ್ಲಿ ಟೀ ಕುಡಿಯದ ಇಂಗ್ಲಿಷ್ ಮುದುಕರು ಇರಲಿಕ್ಕಿಲ್ಲ. ಚರ್ಚ್ ಹಾಲುಗಳಲ್ಲಿ ಅದು ಇನ್ನೂ ನಡೆಯುತ್ತಿದೆ.

ನಮ್ಮ ಅಡುಗೆಗೆ ಇವು ಆಗುತ್ತವೆಯೇ ಎಂದು ಊರಿನಿಂದ ಬಂದವರು ಕೇಳುತ್ತಾರೆ. ಊರಿನ ನಮ್ಮಜ್ಜಿಯ ಕಾಲದಲ್ಲಿ ಪಿಂಗಾಣಿ ಮಡಿಗೆ ಬರುತ್ತಿರಲಿಲ್ಲ, ಹಿತ್ತಾಳೆಯ ಹಾಗೆ ಹುಣಸೆಹಣ್ಣು ಹಾಕಿ ಬೆಳಗಿ ಶುದ್ಧ ಮಾಡುವಂತಿಲ್ಲವಲ್ಲ. ಈಗಿನ ಪ್ರಶ್ನೆ ಮೂಳೆಯದು. ಬೋನ್ ಚೈನಾದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ದನದ ಮೂಳೆಯ ಬೂದಿ, ಇದು ಬರೀ ಮಾತಲ್ಲ, ನಿಜವಾದ ಪಾಕ. ಆದರೆ ನಾನು ಮೇಲೆ ಹೇಳಿದ ಮಿಡ್‌ವಿಂಟರ್, ಹೋಮ್‌ಮೇಕರ್ ತಟ್ಟೆಗಳು ಅರ್ದನ್‌ವೇರ್, ಬರೀ ಮಣ್ಣು, ಚಕಮಕಿ ಕಲ್ಲು, ಕಾರ್ನ್‌ವಾಲಿನ ಕಲ್ಲು. ಸಸ್ಯಾಹಾರಿ ಅತ್ತೆಮಾವಂದಿರ ಮುಂದೆ ಧೈರ್ಯವಾಗಿ ಇಡಬಹುದು. ಅಂಚಿಲ್ಲದ ಫ್ಯಾಶನ್ ತಟ್ಟೆ ನಡುವಿನಿಂದಲೇ ಮೆಲ್ಲಗೆ ಮೇಲೇಳುವುದರಿಂದ ಅನ್ನ-ಸಾರು ಕಲಸಲು ಜಾಗ ಧಾರಾಳ. ಅಗಲ ಅಂಚಿನ ಹಳೆಯ ಮಾದರಿಗಳಲ್ಲಿ ಅರ್ಧ ತಟ್ಟೆ ಅಲಂಕಾರಕ್ಕೇ ಹೋಗುತ್ತದೆ.

ತೊಂದರೆ ಅರಿಶಿನದ್ದು. ಅರ್ದನ್‌ವೇರ್ ದಶಕಗಳ ಕಾಲ ತೇವ ಹೀರಿ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಮೇಲಿನ ಗ್ಲೇಜು ಹಿಗ್ಗಲಾರದೆ ಬಲೆಬಲೆಯಾಗಿ ಬಿರುಕು ಬಿಡುತ್ತದೆ. ಅಂಥ ತಟ್ಟೆಗೆ ಸಾಂಬಾರು ಹಾಕಿದರೆ ಆ ಬಲೆಯೆಲ್ಲ ಹಳದಿ. ಬ್ಲೀಚ್ ಹಾಕಬಾರದು, ಗ್ಲೇಜಿನಡಿ ಸೇರಿಕೊಂಡು ಒಳಗಿಂದ ಕೆಡಿಸುತ್ತದೆ. ಎರಡು ದಿನ ಬಿಸಿಲಿಗಿಟ್ಟರೆ ಅರಿಶಿನ ತಾನೇ ಮಾಸುತ್ತದೆ, ಇಂಗ್ಲೆಂಡಿನಲ್ಲಿ ಬಿಸಿಲಿಗೆ ಕಾಯಬೇಕು ಅನ್ನುವುದೊಂದೇ ಕಷ್ಟ. ಇನ್ನು ಗ್ಲೇಜಿನ ಮೇಲೆ ಬಣ್ಣ ಬರೆದ ಹಳೆಯ ಸಾಮಾನಿನಲ್ಲಿ ಸೀಸ ಇರಬಹುದು, ಹುಳಿಗೆ ಅದು ಬಿಡುತ್ತದೆ. ನಿಂಬೆಹಣ್ಣು, ಉಪ್ಪಿನಕಾಯಿ, ಟೊಮೇಟೊ ಗೊಜ್ಜನ್ನು ನಾನು ಅವುಗಳಲ್ಲಿ ಬಡಿಸುವುದಿಲ್ಲ. ಬಿರುಕಿನ ತಟ್ಟೆಗಳಲ್ಲೂ ಅಷ್ಟೇ, ಬಾಳೆಹಣ್ಣು, ಒಣ ಚಕ್ಕುಲಿಗೆ ಮಾತ್ರ.

ಪೂರ್ತಿ ಸೆಟ್ಟು ಬೇಕೆಂದು ಹಟ ಹಿಡಿಯುವವರಿಗೆ ಈ ಹವ್ಯಾಸ ದುಬಾರಿ. ಆರು ಬಟ್ಟಲು ಆರು ಬಸಿ ಒಟ್ಟಿಗೆ ಉಳಿದಿವೆಯೆಂದರೆ ಆ ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ ಎಂದೇ ಅರ್ಥ. ಬಟ್ಟಲಿಲ್ಲದ ಬಸಿಗಳು ಚಾರಿಟಿ ಅಂಗಡಿಯ ಬುಟ್ಟಿಯಲ್ಲಿ ಒಂದೆರಡು ಪೌಂಡಿಗೆ ಬಿದ್ದಿರುತ್ತವೆ, ಬಟ್ಟಲುಗಳು ಒಡೆದು ಹೋಗಿ ಬಹಳ ಕಾಲವಾಗಿರುತ್ತದೆ. ನಾನು ಆ ಬಸಿಗಳನ್ನೇ ಆಯುತ್ತೇನೆ. ಚಟ್ನಿಪುಡಿ, ತುಪ್ಪಕ್ಕೆ ಅಳತೆ ಸರಿಯಾಗಿದೆ. ಝಾಂಬೆಸಿಯ ಬಸಿ ಬಂದರೆ ಪಟ್ಟೆಯ ಶುರು ಮತ್ತು ಕೊನೆ ನೋಡಿ, ಅಡಿಯಲ್ಲಿ ಚುಕ್ಕೆ ಹುಡುಕುತ್ತೇನೆ. ನನ್ನ ಬಳಿ ಇರುವವುಗಳಲ್ಲಿ ಎರಡರ ಚುಕ್ಕೆ ಒಂದೇ ಬಗೆಯದು, ಬೇರೆ ಬೇರೆ ಊರಿನ ಅಂಗಡಿಗಳಲ್ಲಿ ಸಿಕ್ಕವು. ಪಟ್ಟೆ ಎಳೆದ ರೀತಿಯೂ ಒಂದೇ, ಅಂಚಿಗೆ ಬರುವಾಗ ಕುಂಚ ಎಡಕ್ಕೆ ಹೊರಳುತ್ತದೆ. ಅದೇ ಚುಕ್ಕೆಯ ಮೂರನೆಯದು ಇನ್ನೂ ಸಿಕ್ಕಿಲ್ಲ.